ಮಾಬ್ಲೇಶ್ವರನ ಶಾಕಪ್ಪು, ಸೋಮಿಯ ಬುಟ್ಟಿ

ಅವರ್ಸೆಯಲ್ಲಿ ಹೆದ್ದಾರಿ ಬದಿಯ ಗೋಳಿಮರದ ಅಡಿ ಒಂದು ಬೂದು ಬಣ್ಣದ ಫಿಯೆಟ್ ಕಾರು ನಿಂತಿರುತ್ತಿತ್ತು. ಕಾರು ಅಲ್ಲಿ ಇಲ್ಲ ಅಂದರೆ ಮಾಬ್ಲೇಶ್ವರ ಬಾಡಿಗೆಗೆ ಹೋಗಿದ್ದಾನೆ ಅಂತ ತಿಳಿಯಬೇಕು. ಇದೆ ಅಂದರೆ ಅದರ ಅಡಿಯಿಂದ ಎರಡು ಕಾಲು ಹೊರಗೆ ಚಾಚಿರುತ್ತಿದ್ದವು. ಅಂಕೋಲೆ ಕಡೆ ಹೋಗುವವರು, ಕಾರವಾರ ಕಡೆ ಹೋಗುವವರು, ಎಲ್ಲರೂ ಆ ಕಾಲುಗಳನ್ನೇ ಮಾತಾಡಿಸಿ ಮುಂದೆ ಹೋಗುತ್ತಿದ್ದರು.

"ಏನಾ ಮಾಬ್ಲೇಶ್ವರ, ಊಟ ಆಯ್ತಾ?"

"ಆಯ್ತು, ಆಯ್ತು" ಅಂತ ಕಾರಿನ ಹೊಟ್ಟೆಯೊಳಗಿಂದ ಉತ್ತರ ಬರುತ್ತಿತ್ತು. ಊಟ ಆಗಿರುತ್ತಿರಲಿಲ್ಲ. ಅವನ ಹೆಂಡತಿ ಭಾರತಿ ತಾಟು ಮುಚ್ಚಿಟ್ಟು ಕಾದು ಕಾದು ಮಲಗಿರುತ್ತಿದ್ದಳು.

ನಾನು ಅವರ ಪಕ್ಕದ ಮನೆಯವಳು. ಎರಡು ಮನೆ ನಡುವೆ ಒಂದು ದಾಸವಾಳದ ಬೇಲಿ ಅಷ್ಟೆ, ಆ ಕಡೆ ಪಿಸುಗುಟ್ಟಿದರೂ ಈ ಕಡೆ ಕೇಳುತ್ತದೆ. ಮಾಬ್ಲೇಶ್ವರನ ತಾಯಿ ತೀರಿಕೊಂಡಾಗ ಅವನಿನ್ನೂ ಅಂಬೆಗಾಲಿಡುವ ಕೂಸು. ಅಕ್ಕ ಸೋಮಿಗೆ ಆಗಷ್ಟೇ ಮದುವೆಯಾಗಿತ್ತು, ಅವಳ ಗಂಡನೂ ಬಹಳ ದಿನ ಬಾಳಲಿಲ್ಲ. ಅವಳು ತಿರುಗಿ ತಾಯಿಮನೆಗೆ ಬಂದು, ತಮ್ಮನನ್ನು ಸೊಂಟಕ್ಕೆ ಏರಿಸಿಕೊಂಡು, ಅಲ್ಲೇ ಉಳಿದಳು. ಮಳೆಗಾಲದಲ್ಲಿ ಬೇರೆಯವರ ಗದ್ದೆಯಲ್ಲಿ ನಟ್ಟಿ, ಆಮೇಲೆ ಕೊಯ್ಲು, ಚಳಿಗಾಲದಲ್ಲಿ ಬಸಳೆ, ಹರಿವೆ, ಬೇಸಿಗೆಯಲ್ಲಿ ಮಾವಿನಹಣ್ಣು. ನಾನೂ ಅವಳ ಜೊತೆ ಹೋಗುತ್ತಿದ್ದೆ. ಸೋಮಿ ಮುಂದೆ, ನಾನು ಹಿಂದೆ, ಇಬ್ಬರ ತಲೆ ಮೇಲೂ ಬುಟ್ಟಿ. ಅವಳ ಕುತ್ತಿಗೆಯ ಹಿಂಬದಿಯನ್ನು ನಾನು ನೋಡಿದಷ್ಟು ಅವಳ ಮುಖವನ್ನೂ ನೋಡಿರಲಿಕ್ಕಿಲ್ಲ.

ಹಣ್ಣು ಅಂದರೆ ಇಶಾಡು. ನಮ್ಮ ಅಂಕೋಲೆ ಕಡೆಯ ಇಶಾಡಿನ ಸಿಪ್ಪೆ ಬಹಳ ತೆಳು, ಎಳೆ ಮಗುವಿನ ಚರ್ಮದ ಹಾಗೆ. ಹುಲ್ಲಿನಲ್ಲಿ ಹಣ್ಣು ಮಾಡಿ, ಬುಟ್ಟಿಗೆ ಎಲೆ ಹಾಸಿ, ಒಂದೊಂದನ್ನೇ ಮಲಗಿಸಿ ಒಯ್ಯಬೇಕು. ಎಲ್ಲಾದರೂ ಒಂದು ಪೆಟ್ಟು ಬಿತ್ತು ಅಂದರೆ ಆ ದಿನ ಏನೂ ಕಾಣುವುದಿಲ್ಲ. ಮಾರನೇ ದಿನ ಅಲ್ಲೊಂದು ಕಪ್ಪು ಕಲೆ ಏಳುತ್ತದೆ, ಅದರ ಮಾರನೇ ದಿನ ಹಣ್ಣು ನೀರಾಗುತ್ತದೆ. ಹಾಗಾಗಿ ಇಶಾಡು ದೂರದ ಪೇಟೆಗೆ ಹೋಗುತ್ತಿರಲಿಲ್ಲ. ನಮ್ಮ ತಲೆ ಎಷ್ಟು ದೂರ ಹೋಗುತ್ತದೋ ಅಷ್ಟೇ ಅದರ ದೂರ. ಇನ್ನೊಂದು ಮಾತು, ಇಶಾಡಿನ ಬುಟ್ಟಿಯನ್ನು ನಮ್ಮವರು ಕಾಲಿನ ಬುಡಕ್ಕೆ ಇಡುವುದಿಲ್ಲ. ಮೊದಲ ಹಣ್ಣು ದೇವರಿಗೆ ಹೋಗುವಂಥದ್ದು, ಅದಕ್ಕೆ ಕಾಲು ತಾಗಬಾರದು. ಬಸ್ಸಿನಲ್ಲಿ ಕೂತರೂ ತೊಡೆ ಮೇಲೆಯೇ ಇಟ್ಟುಕೊಳ್ಳುವುದು.

ಮಾಬ್ಲೇಶ್ವರ ಶಾಲೆಗೆ ಹೆಚ್ಚು ಹೋಗಲಿಲ್ಲ. ಜಲ್ಲಿ ಲಾರಿಯಲ್ಲಿ ಕ್ಲೀನರ್ ಆಗಿ ಸೇರಿಕೊಂಡು, ಡ್ರೈವರ್ ಆಗಿ, ಕಡೆಗೆ ಗೋವೆಯ ಒಬ್ಬ ಡಾಕ್ಟರ ಹಳೆ ಫಿಯೆಟ್ಟನ್ನು ತಂದು ಮನೆ ಮುಂದೆ ನಿಲ್ಲಿಸಿದ. ಆವತ್ತು ಸೋಮಿ ಕಾರಿಗೆ ಕುಂಕುಮ ಹಚ್ಚಿ, "ಇನ್ನಾದ್ರೂ ಹಗೂರ ಹೋಗು ತಮಾ" ಅಂದಳು. ಲಾರಿ ಹೊಡೆಯುವಾಗಲೇ ಅವನ ವೇಗ ಊರಿಗೆಲ್ಲ ಗೊತ್ತಿತ್ತು.

ಅವನು ಹಗೂರ ಹೋಗಲಿಲ್ಲ. ಹಾಗಂತ ಹುಚ್ಚು ಓಟವೂ ಅಲ್ಲ. ಅಮದಳ್ಳಿಯ ತಿರುವಿರಲಿ, ಅರ್ಗಾದ ಇಳಿಜಾರಿರಲಿ, ಕಾರು ರಸ್ತೆಯನ್ನು ಕಚ್ಚಿಕೊಂಡು ಹೋಗಬೇಕು, ಒಳಗೆ ಕೂತವನ ಕೈಯ ಚಾ ಚೆಲ್ಲಬಾರದು, ಅದು ಅವನ ಹಟ. ಕಾರವಾರದಲ್ಲಿ ಮುಂಬಯಿ ಬಸ್ಸು ಹಿಡಿಯಬೇಕಾದವರು ಹೊತ್ತು ಮೀರಿದರೆ ಅವನನ್ನೇ ಹುಡುಕಿಕೊಂಡು ಬರುತ್ತಿದ್ದರು. ಪಕ್ಕದಲ್ಲೇ ನಿಲ್ಲುವ ಅಂಬಾಸಡರ್ ತಿಮ್ಮು ಕೂತಲ್ಲಿಂದಲೇ ಚುಚ್ಚುತ್ತಿದ್ದ.

"ಹೋಗಿ ಹೋಗಿ. ಬಸ್ಸು ಸಿಗದಿದ್ರೆ ಅಂವ ಮುಂಬಯಿಗೇ ಬಿಟ್ಟು ಬತ್ತ. ನನ್ನ ಗಾಡಿಗೆ ಬರೂದು ಮದುವೆ ದಿಬ್ಬಣ, ಬಾಣಂತಿ, ಮತ್ತೆ ಹೆಣ. ಅವರಿಗೆಲ್ಲ ಗಡಿಬಿಡಿ ಇಲ್ಲ."

"ನಿನ್ನ ಗಾಡಿ ಹತ್ತುವಾಗ ಬಾಣಂತಿ ಆಗಿರೂದಿಲ್ಲ, ಇಳಿಯೂದ್ರೊಳಗೆ ಆತ್ರು" ಅಂತ ಮಾಬ್ಲೇಶ್ವರ ಹೇಳುತ್ತಿದ್ದ.

ಕೊಂಕಣ ರೈಲಿನ ಕೆಲಸ ಸುರುವಾದ ಮೇಲೆ ರಸ್ತೆ ಕೆಟ್ಟಿತು. ಕಲ್ಲು, ಮಣ್ಣು ಹೇರಿಕೊಂಡ ಲಾರಿಗಳು ಹಗಲೆಲ್ಲ ಓಡಿ ಓಡಿ, ಚೆಂಡಿಯಾದಿಂದ ಅರ್ಗಾದವರೆಗೆ ಡಾಂಬರು ಯಾವುದು, ಹೊಂಡ ಯಾವುದು ತಿಳಿಯದ ಹಾಗೆ ಆಯಿತು. ಫಿಯೆಟ್ಟಿನ ಶಾಕಪ್ಪು, ಅಂದರೆ ಗಾಲಿಯ ಬುಡದಲ್ಲಿ ಕುಲುಕಾಟ ತಡೆಯುವ ಶಾಕ್ ಅಬ್ಸಾರ್ಬರು, ನಾಲ್ಕೂ ಸತ್ತವು. ಹೊಂಡಕ್ಕೆ ಬಿದ್ದರೆ ಕಾರು ತೆರೆಗೆ ಸಿಕ್ಕಿದ ದೋಣಿಯ ಹಾಗೆ ಎದ್ದು ಬಿದ್ದು ಎದ್ದು ಬಿದ್ದು ಹೋಗುತ್ತಿತ್ತು.

ಅದೇ ವರ್ಷ ಸೋಮಿಯ ಕುತ್ತಿಗೆಯೂ ಹೋಯಿತು.

ಮೊದಲು ಎಡಗೈ ಬೆರಳು ಜೋಮು ಹಿಡಿಯುತ್ತಿತ್ತು. ಆಮೇಲೆ ಅಕ್ಕಿ ಆರಿಸುವಾಗ ಕಲ್ಲು ಬೆರಳಿಗೆ ಸಿಕ್ಕದ ಹಾಗಾಯಿತು. ಕೊಡಪಾನ ಹಿಡಿದರೆ ಜಾರುತ್ತಿತ್ತು. ಮಾಬ್ಲೇಶ್ವರ ಅವಳನ್ನು ಕಾರವಾರಕ್ಕೆ ಕರೆದುಕೊಂಡು ಹೋದ. ಡಾಕ್ಟರು ಫೋಟೋ ತೆಗೆಸಿ, ಕುತ್ತಿಗೆ ಮೂಳೆ ಸವೆದು ನರದ ಮೇಲೆ ಕೂತಿದೆ ಅಂದರಂತೆ. ಇನ್ನು ತಲೆ ಮೇಲೆ ಒಂದು ಬುಟ್ಟಿಯನ್ನೂ ಇಡಬಾರದು, ಮೈಗೆ ಹೆಚ್ಚು ಕುಲುಕಾಟ ಆಗಬಾರದು, ಹಟ ಮಾಡಿದರೆ ಎಡಗೈ ಪೂರ್ತಿ ಹೋದೀತು.

"ಹೋದ್ರೆ ಬಲಗೈ ಅದೆ" ಅಂದಳು ಸೋಮಿ ಮನೆಗೆ ಬಂದು.

"ಬಾಯಿ ಮುಚ್ಕ ಅಕ್ಕಾ" ಅಂದ ಮಾಬ್ಲೇಶ್ವರ. ಅವಳಿಗೆ ಅವನು ಹಾಗೆ ಅಂದದ್ದನ್ನು ನಾನು ಅದೊಂದೇ ಸಲ ಕೇಳಿದ್ದು.

ಆದರೆ ಅವಳನ್ನು ಸುಮ್ಮನೆ ಮನೆಯಲ್ಲಿ ಕೂರಿಸುವುದೂ ಸುಲಭ ಇರಲಿಲ್ಲ. ಮನೆ ಹಿಂದಿನ ಇಶಾಡಿನ ಮರ ಅವರ ಅಜ್ಜ ನೆಟ್ಟದ್ದು. ಅದರ ಹಣ್ಣು ಒಯ್ದು ಮಾರುವುದು ಅವಳ ಕೆಲಸ, ಬೇರೆಯವರಿಗೆ ಮರ ಗುತ್ತಿಗೆ ಕೊಡು ಅಂದರೆ ಎರಡು ದಿನ ಗಂಜಿ ಬಿಡುತ್ತಿದ್ದಳು. ಹಣ್ಣಿನ ಕಾಲ ಬಂತು ಅಂದರೆ ಯಾರು ಹೇಳಿದರೂ ಕೇಳದೆ ಸಿಂಬಿ ಸುತ್ತಿ ತಲೆಗೆ ಇಟ್ಟುಕೊಳ್ಳುವವಳೇ. ಆಗ ದಾರಿ ತೋರಿಸಿದ್ದು ವೈಜಯಂತಿಬಾಯಿ. ಕಾರವಾರದ ಹಬ್ಬುವಾಡದಲ್ಲಿ ಅವರ ಮನೆ, ಜಗಲಿ ಮೇಲೆಯೇ ಹಣ್ಣು, ತರಕಾರಿ ಇಟ್ಟು ಮಾರುತ್ತಿದ್ದರು, ನಮ್ಮ ಹಳೆ ಗಿರಾಕಿ.

"ಸೋಮಿ, ನೀನು ಬರೂದು ಬೇಡ. ತಮ್ಮನ ಗಾಡೀಲಿ ಹಣ್ಣು ಕಳಿಸು, ಎಲ್ಲಾ ನಾನೇ ತಕ್ಕಣ್ತೆ" ಅಂದರು. "ಆದ್ರೆ ಕಲೆ ಬಿದ್ದ ಹಣ್ಣು ಕಳಿಸ್ಬೇಡ ಬಾಯಿ. ನಾಳೆ ನಾನೂ ನಾಲ್ಕು ಜನರ ಮುಖ ನೋಡೂಕದೆ."

ಅಲ್ಲಿಗೆ ಮಾಬ್ಲೇಶ್ವರನಿಗೆ ಮಾತು ಖಚಿತವಾಯಿತು. ಹಣ್ಣು ಅವಳ ಜೊತೆಯಿಲ್ಲದೆ, ಪೆಟ್ಟಾಗದೆ ಹೋಗುವ ಹಾಗಾದರೆ ಅಕ್ಕ ಮನೆಯಲ್ಲಿ ಉಳಿಯುತ್ತಾಳೆ, ಕೈ ಉಳಿಯುತ್ತದೆ. ಅದು ಆಗಬೇಕಾದರೆ ಕಾರಿಗೆ ಬೇರೆ ಶಾಕಪ್ಪು ಬೇಕು.

ಹಬ್ಬುವಾಡದಲ್ಲೇ ಜಗದೀಶನ ಗ್ಯಾರೇಜು. ಮೀನುಗಾರರ ಮನೆಯ ಹುಡುಗ, ದೋಣಿಯ ಇಂಜಿನು ಬಿಚ್ಚುತ್ತ ಬಿಚ್ಚುತ್ತ ಕಾರಿಗೆ ಬಂದವನು. ನಾನು ಮತ್ತು ಸೋಮಿ ವೈಜಯಂತಿಬಾಯಿಯ ಮನೆಗೆ ಹೋಗಿ ಬಂದು ಗ್ಯಾರೇಜಿನ ಬಾಗಿಲಲ್ಲಿ ಕೂತಿದ್ದೆವು. ಜಗದೀಶ ಕಾರಿನ ಮೂತಿಯನ್ನು ಎರಡು ಕೈಯಿಂದ ಒತ್ತಿ ಬಿಟ್ಟ. ಕಾರು ಕುಣಿಯಿತು, ಕುಣಿಯುತ್ತಲೇ ಇತ್ತು.

"ನೋಡಿದ್ಯಾ? ಹೊಡೆತ ತಕ್ಕಂಬುದು ಸ್ಪ್ರಿಂಗು. ಕುಣಿತ ನಿಲ್ಲಿಸೂದು ಶಾಕಪ್ಪು. ನಿನ್ನ ಶಾಕಪ್ಪಿಗೆ ಈಗ ಪೆನ್ಷನ್ ಕೊಡ್ಬೇಕು" ಅಂದ. "ಕಂಪೆನಿಯದೇ ಹೊಸದು ಹಾಕು, ಸಾಕು."

"ಕಂಪೆನಿಯದು ತಿರುವಿನಲ್ಲಿ ವಾಲ್ತದೆ. ನಂಗೆ ಆಗೂದಿಲ್ಲ."

"ಹಾಗಾದ್ರೆ ಹಿಂದಿನ ಸ್ಪ್ರಿಂಗಿಗೆ ಒಂದು ಪಾಟಾ ಹೆಚ್ಚು ಹಾಕಿ ಗಟ್ಟಿ ಮಾಡ್ತೆ. ವಾಲೂದಿಲ್ಲ."

"ಗಟ್ಟಿ ಮಾಡಿದ್ರೆ ಹಣ್ಣು ಏನಾಗ್ಬೇಕು?"

ಜಗದೀಶ ಕೈ ಒರೆಸಿಕೊಂಡು ಅವನನ್ನೇ ನೋಡಿದ. "ನಿಂಗೆ ಗಟ್ಟಿ ಬೇಕಾ, ಮೆತ್ತಗೆ ಬೇಕಾ? ಒಂದು ಹೇಳು ಮಾರಾಯಾ."

"ಎರಡೂ ಬೇಕು."

"ಎರಡೂ ಬೇಕಾದವ ಎರಡು ಕಾರು ಇಟ್ಕಣ್ತ."

ಕಡೆಗೆ ಜಗದೀಶನೇ ಮಡಗಾಂವಿನ ಒಂದು ಅಂಗಡಿ ಹೇಳಿದ. ಅಲ್ಲಿ ಹೊರಗಿನ ದೇಶದ ಸಾಮಾನು ಸಿಗುತ್ತದೆ, ತಿರುಪು ಇರುವ ಶಾಕಪ್ಪು ಬರುತ್ತದೆ, ತಿರುಗಿಸಿದಷ್ಟು ಗಟ್ಟಿ, ಬಿಟ್ಟಷ್ಟು ಮೆತ್ತಗೆ. ಮಾಬ್ಲೇಶ್ವರ ಎರಡು ಸಲ ಗೋವೆಗೆ ಹೋದ. ಮೊದಲ ಸಲ ಅಂಗಡಿಯವನು ಕೆಂಪು ಬಣ್ಣದ್ದೊಂದು ಜೋಡಿ ತೋರಿಸಿ, ಓಟದ ಪಂದ್ಯಕ್ಕೆ ಹೋಗುವ ಕಾರಿನವರು ಇದನ್ನೇ ಹಾಕುವುದು ಅಂದನಂತೆ. ಒಂದು ಬದಿ ನೆಲಕ್ಕಿಟ್ಟು ಮೈಭಾರ ಬಿಟ್ಟು ಒತ್ತಿದರೂ ಅದು ಇಳಿಯಲಿಲ್ಲವಂತೆ. ನಮ್ಮ ಹೊಂಡದಲ್ಲಿ ಇದನ್ನು ಹಾಕಿದರೆ ಹಣ್ಣಲ್ಲ, ಜನರೇ ಕಲೆ ಬೀಳುತ್ತಾರೆ ಅಂತ ಬಿಟ್ಟು ಬಂದ. ಇನ್ನೊಂದು ಜೋಡಿ ಅಗ್ಗದ್ದು, ಅದಕ್ಕೂ ತಿರುಪಿತ್ತು, ಆದರೆ ತಿರುಗಿಸಿದರೂ ತಿರುಗಿಸದಿದ್ದರೂ ಕೈಗೆ ಒಂದೇ ಹಾಗೆ ತಾಗಿತಂತೆ. ಎರಡನೇ ಸಲ ಕರಿ ಬಣ್ಣದ ನಾಲ್ಕು ತಂದ. ಬುಡದಲ್ಲಿ ತಿರುಗಿಸಲಿಕ್ಕೆ ಬಳೆಯ ಹಾಗೆ ಒಂದು ಉಂಗುರ, ಅದಕ್ಕೆ ಹಲ್ಲು. ಅದರ ಬೆಲೆಯನ್ನು ಭಾರತಿ ಕೇಳಿದಳು, ಅವನು ಹೇಳಲಿಲ್ಲ, ಅವಳು ಮತ್ತೆ ಕೇಳಲಿಲ್ಲ.

ಜಗದೀಶ ಅದನ್ನು ಹಾಕಿ, ಮೂತಿ ಒತ್ತಿ ಬಿಟ್ಟ. ಕಾರು ಒಂದು ಸಲ ಎದ್ದು ಸುಮ್ಮನೆ ನಿಂತಿತು.

"ಹಣ್ಣಿಗೆ ಮೆತ್ತಗೆ ಇಡು" ಅಂದ ಜಗದೀಶ.

"ಮೊದಲು ಗಟ್ಟಿ ಇಟ್ಟು ನೋಡ್ತೆ. ಎಲ್ಲಿವರೆಗೆ ತಡೀತದೆ ನೋಡ್ಬೇಕಲ್ಲ."

ಅದು ಅವನ ಕ್ರಮ. ಒಳ್ಳೆಯ ಕ್ರಮವೇ. ಗಟ್ಟಿಯಿಂದ ಸುರು ಮಾಡಿ, ಹಣ್ಣಿಗೆ ಪೆಟ್ಟಾದರೆ ಒಂದೊಂದೇ ಹಲ್ಲು ಕೆಳಗಿಳಿಸುವುದು, ಪೆಟ್ಟಾಗದ ಜಾಗದಲ್ಲಿ ನಿಲ್ಲಿಸುವುದು. ಹಾಗೆ ಮಾಡಿದರೆ ಕಾರಿನ ವೇಗವನ್ನು ಅಗತ್ಯಕ್ಕಿಂತ ಹೆಚ್ಚು ಕಳೆದುಕೊಳ್ಳಬೇಕಾಗಿಲ್ಲ. ಮೊದಲ ಸಲ ಹಣ್ಣಿನ ಮಾತುಕತೆಗೆ ಸೋಮಿಯೇ ಬರಬೇಕಿತ್ತು, ನಾನೂ ಜೊತೆಗೆ ಹೊರಟೆ. ಕಾರಿನ ಹಿಂದಿನ ಸೀಟಿನಲ್ಲಿ ಇಬ್ಬರೂ, ತೊಡೆ ಮೇಲೆ ಒಂದೊಂದು ಬುಟ್ಟಿ.

ಅವನು ಓಡಿಸಿದ. ಅಮದಳ್ಳಿ ತಿರುವಿನಲ್ಲಿ ಕಾರು ಸ್ವಲ್ಪವೂ ಬಾಗಲಿಲ್ಲ. ಅರ್ಗಾದ ಹೊಂಡಗಳು ನಮ್ಮ ಬೆನ್ನಿಗೆ ಒಂದೊಂದಾಗಿ ಲೆಕ್ಕ ಒಪ್ಪಿಸಿದವು.

"ಜೀವ ಕೈಲಿ ಹಿಡ್ಕಂಡು ಕೂತಿದ್ದೆ ತಮಾ" ಅಂದಳು ಸೋಮಿ ಬಿಣಗಾ ದಾಟಿದ ಮೇಲೆ.

"ಜೀವ ಇರ್ಲಿ, ಹಣ್ಣು ಹೆಂಗದೆ?"

"ಹಣ್ಣಿಗೆ ಏನಾಗೂದದೆ."

ಮಾರನೇ ದಿನ ಅವನು ಬಾಡಿಗೆಗೆ ಹೋದಾಗ ವೈಜಯಂತಿಬಾಯಿಯ ಜಗಲಿಗೆ ಹೋಗಿ ನೋಡಿ ಬಂದ. ಒಂದು ಹಣ್ಣಿನ ಮೇಲೂ ಕಲೆ ಇರಲಿಲ್ಲ. ಸಂಜೆ ಗೋಳಿಮರದ ಅಡಿ ತಿಮ್ಮುವಿಗೆ ಉಂಗುರ, ಹಲ್ಲು ಎಲ್ಲ ತೋರಿಸಿ ವಿವರಿಸುತ್ತಿದ್ದದ್ದು ನಮ್ಮ ಅಂಗಳಕ್ಕೆ ಕೇಳುತ್ತಿತ್ತು. ಪೂರಾ ಗಟ್ಟಿ ಇಟ್ಟರೂ ಇಶಾಡಿಗೆ ಏನೂ ಆಗಲಿಲ್ಲ ಅಂತ. ಅಷ್ಟು ಸಂತೋಷದಲ್ಲಿ ಅವನು ಮಾತಾಡಿದ್ದು ಅವನ ಮದುವೆಯಲ್ಲೂ ನಾನು ಕೇಳಿರಲಿಲ್ಲ.

"ಅಕ್ಕಾ, ನಾಳೆಯಿಂದ ನೀ ಮನೇಲೇ" ಅಂದ.

ಮರುದಿನ ಬುಟ್ಟಿಗಳನ್ನು ಹಿಂದಿನ ಸೀಟಿನ ಮೇಲೆ ಇಟ್ಟು, ಸುತ್ತ ಹಳೆ ಸೀರೆ ಒತ್ತಿ, ಅವನೊಬ್ಬನೇ ಹೋದ. ಎರಡು ದಿನ ಬಿಟ್ಟು ವೈಜಯಂತಿಬಾಯಿ ಅವನ ಕೈಯಲ್ಲೇ ಬುಟ್ಟಿ ತಿರುಗಿ ಕಳಿಸಿದರು. ಅರ್ಧಕ್ಕರ್ಧ ಹಣ್ಣು ಕಪ್ಪಾಗಿದ್ದವು. ಸೋಮಿ ಒಂದೊಂದನ್ನೇ ಎತ್ತಿ ನೋಡಿ, ಕೆಟ್ಟ ಭಾಗ ಕೊಯ್ದು, ಉಳಿದದ್ದರ ರಸ ಹಿಂಡಿ ಸಾಟ, ಅಂದರೆ ಮಾವಿನ ಹಪ್ಪಳ, ಮಾಡಲು ಬಿಸಿಲಿಗೆ ಹಚ್ಚಿದಳು.

ಮಾಬ್ಲೇಶ್ವರನಿಗೆ ಅರ್ಥವಾಗಲಿಲ್ಲ. ಅದೇ ಕಾರು, ಅದೇ ಹಲ್ಲು, ಅದೇ ಹೊಂಡ. ಭಾರ ಕಡಿಮೆಯಾಗಿ ಕಾರು ಹಾರಿರಬೇಕು ಅಂದುಕೊಂಡ. ಎರಡು ಹಲ್ಲು ಇಳಿಸಿದ. ಪರೀಕ್ಷೆಗೆ ಸೋಮಿ ಮತ್ತೆ ಬಂದಳು, ನಾನೂ ಬಂದೆ. ಹಣ್ಣು ಚೊಕ್ಕ ಹೋಯಿತು. ಅವಳನ್ನು ಬಿಟ್ಟು ಹೋದ, ಹಣ್ಣು ಕೆಟ್ಟಿತು. ನಾವಿಬ್ಬರು ಕೂತಷ್ಟು ಭಾರ ಇರಲಿ ಅಂತ ಮರಳಿನ ಚೀಲ ಹೇರಿಕೊಂಡು ಹೋದ, ಆಗಲೂ ಕೆಟ್ಟಿತು. ಮತ್ತೆ ಒಂದು ಹಲ್ಲು ಇಳಿಸಿದ. ಮಡಗಾಂವಿನ ಅಂಗಡಿಗೆ ಹೋಗಿ ಜಗಳ ತೆಗೆದ. ಅಂಗಡಿಯವನು, "ಶಾಕಪ್ಪಿಗೆ ಹಣ್ಣು ಯಾವುದು, ಹೆಂಗಸು ಯಾರು ಅಂತ ಗೊತ್ತಾತದೇನಾ?" ಅಂತ ನಕ್ಕನಂತೆ.

"ನಿನ್ನ ಅಕ್ಕನ ಕೈಗುಣ" ಅಂದ ತಿಮ್ಮು. "ಗಾಡಿಗೆ ಯಾರ್ದೋ ದೃಷ್ಟಿ ಆಗ್ಯದೆ, ಮೆಣಸು ನಿವಾಳಿಸು."

ಭಾರತಿ ಮೆಣಸನ್ನೂ ನಿವಾಳಿಸಿದಳು. ಖಾರದ ಘಾಟಿಗೆ ನಾವೆಲ್ಲ ಕೆಮ್ಮಿದ್ದು ಬಿಟ್ಟರೆ ಬೇರೆ ಏನೂ ಆಗಲಿಲ್ಲ.

ಈ ನಡುವೆ ಸೋಮಿಯೇ ದಿನ ಬಿಟ್ಟು ದಿನ ಕಾರಿನಲ್ಲಿ ಹೋಗತೊಡಗಿದಳು. ಅವಳು ಹೋದರೆ ಹಣ್ಣು ಉಳಿಯುತ್ತದೆ ಅಂದ ಮೇಲೆ ಹೋಗದೆ ಹೇಗೆ? ತಲೆ ಮೇಲೆ ಹೊರುವುದು ತಪ್ಪಿತಲ್ಲ ಅಂತ ಎಲ್ಲರೂ ಸಮಾಧಾನ ಮಾಡಿಕೊಂಡೆವು. ಆದರೆ ರಾತ್ರಿ ಬೇಲಿಯ ಆಚೆಯಿಂದ ಅವಳ ನರಳು ಕೇಳುತ್ತಿತ್ತು. ಒಂದು ಸಂಜೆ ಚಾ ಕುಡಿಯುವಾಗ ಅವಳ ಎಡಗೈಯಿಂದ ಗಾಜಿನ ಲೋಟ ಬಿದ್ದು ಒಡೆಯಿತು. ಅವಳು ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡಳು, ಕೈ ಏನೋ ತಪ್ಪು ಮಾಡಿದ ಹಾಗೆ. ಮಾಬ್ಲೇಶ್ವರ ಬಗ್ಗಿ ಲೋಟದ ಚೂರು ಹೆಕ್ಕಿದ.

ಅದಾಗಿ ಒಂದೆರಡು ದಿನಕ್ಕೇ ಇರಬೇಕು. ಕಾರವಾರದಲ್ಲಿ ಹಣ್ಣು ಇಳಿಸಿ ತಿರುಗಿ ಬರುತ್ತಿದ್ದೆವು. ಮಧ್ಯಾಹ್ನದ ಬಿಸಿಲು, ಸಮುದ್ರದ ಕಡೆಯಿಂದ ಗಾಳಿಯೂ ಇಲ್ಲ. ಖಾಲಿ ಬುಟ್ಟಿ ಡಿಕ್ಕಿಯಲ್ಲಿತ್ತು. ಸೋಮಿ ಕೂತಲ್ಲೇ ನಿದ್ದೆ ಹೋಗಿದ್ದಳು, ಬಾಯಿ ಸ್ವಲ್ಪ ತೆರೆದಿತ್ತು, ಎರಡು ಕೈ ತೊಡೆ ಮೇಲೆ ಅಂಗಾತ ಬಿದ್ದಿದ್ದವು. ನಾನು ಕಿಟಕಿಯ ಹೊರಗೆ ನೋಡುತ್ತಿದ್ದೆ. ಅರ್ಗಾದ ಹತ್ತಿರ ಮಾಬ್ಲೇಶ್ವರ ಕಾರಿನ ವೇಗ ಇಳಿಸಿದ, ಅವನು ಅಲ್ಲಿ ಯಾವತ್ತೂ ಇಳಿಸಿದವನಲ್ಲ.

"ಮಾದೇವಕ್ಕಾ" ಅಂತ ನನ್ನನ್ನು ಕರೆದ, ಸಣ್ಣ ದನಿಯಲ್ಲಿ, ಕನ್ನಡಿಯಲ್ಲಿ ನೋಡುತ್ತ. "ಅಕ್ಕನ ಕೈ ನೋಡು."

ನೋಡಿದೆ. ಕಾರು ಹೊಂಡಕ್ಕೆ ಇಳಿಯುವ ಸ್ವಲ್ಪ ಮೊದಲು ಅವಳ ಎರಡು ಕೈ ತೊಡೆಯಿಂದ ಒಂದು ಗೇಣು ಮೇಲೆದ್ದವು. ಹೊಟ್ಟೆ ಒಳಗೆ ಹೋಯಿತು, ಕುತ್ತಿಗೆ ಕಂಬದ ಹಾಗೆ ನೆಟ್ಟಗಾಯಿತು. ಹೊಂಡ ದಾಟಿದ ಮೇಲೆ ಕೈ ಮೆಲ್ಲಗೆ ಕೆಳಗಿಳಿದವು. ಮುಂದಿನ ಹೊಂಡಕ್ಕೆ ಮತ್ತೆ ಎದ್ದವು. ಕೈಯಲ್ಲಿ ಬುಟ್ಟಿ ಇರಲಿಲ್ಲ. ಅವಳಿಗೆ ಎಚ್ಚರವೂ ಇರಲಿಲ್ಲ. ಕಾರು ಬಾಗುವುದು ಅವಳ ಮೈಗೆ ನಿದ್ದೆಯಲ್ಲೇ ತಿಳಿಯುತ್ತಿತ್ತು.

ಅವನು ರಸ್ತೆ ಬದಿ ಕಾರು ನಿಲ್ಲಿಸಿದ. ಇಂಜಿನು ಬಂದ್ ಮಾಡಲಿಲ್ಲ, ಅವಳು ಏಳಬಾರದು ಅಂತ ಇರಬೇಕು.

"ಹಣ್ಣಿನ ಬುಟ್ಟಿ ಇಟ್ಕಂಡಾಗ ನೀವು ಹೀಂಗೇ ಕೂತ್ಕಣ್ತ್ರಾ?"

"ಮತ್ತೆ ಹೆಂಗೆ ಕೂತ್ಕಂಬುದು? ಇಶಾಡು ಅಲ್ವಾ" ಅಂದೆ.

"ಒಂದು ಮಾತು ಹೇಳೂಕಾಗ್ಲಿಲ್ಲ ನಿಮಗೆ."

"ನೀ ಹಣ್ಣು ಹೆಂಗದೆ ಅಂತ ಕೇಳ್ದೆ. ನಾವು ಹೆಂಗೆ ಕೂತಿದ್ವು ಅಂತ ಕೇಳ್ಲಿಲ್ಲ ತಮಾ."

ಸಿಟ್ಟಿನ ಮಾತಲ್ಲ ಅದು, ನನ್ನದೂ ಅಲ್ಲ, ಅವನದೂ ಅಲ್ಲ. ಬುಟ್ಟಿ ತೊಡೆ ಮೇಲಿದ್ದರೆ ಹೊಂಡದಲ್ಲಿ ಎತ್ತಿ ಹಿಡಿಯುವುದು ನಮಗೆ ಉಸಿರಾಡಿದ ಹಾಗೆ. ಅದನ್ನು ಯಾರಾದರೂ ಹೇಳುತ್ತಾರೆಯೇ? ಕಲ್ಲಿನ ಲಾರಿಗಳು ಒಂದರ ಹಿಂದೆ ಒಂದು ಧೂಳೆಬ್ಬಿಸುತ್ತ ಹೋದವು. ಅಷ್ಟು ದಿನ ಗಟ್ಟಿ ಇಟ್ಟ ಶಾಕಪ್ಪಿನ ಹೊಡೆತವೆಲ್ಲ ಎಲ್ಲಿಗೆ ಹೋಯಿತು, ಹಣ್ಣು ಯಾರ ಕುತ್ತಿಗೆಯ ಮೇಲೆ ಉಳಿಯಿತು ಅಂತ ಅವನಿಗೆ ಗೊತ್ತಾಗಿತ್ತು. ನನಗೂ ಆಗಲೇ ಗೊತ್ತಾದದ್ದು.

ಅಲ್ಲಿಂದ ಅವರ್ಸೆಯವರೆಗೆ ಎತ್ತಿನ ಗಾಡಿ ಹೋದ ಹಾಗೆ ಹೋದೆವು. ಸೋಮಿಗೆ ಎಚ್ಚರವಾದದ್ದು ಮನೆ ಮುಂದೆಯೇ. "ಇಷ್ಟು ಬೇಗ ಬಂತಾ?" ಅಂದಳು.

ಮರುದಿನ ಜಗದೀಶನ ಗ್ಯಾರೇಜಿನ ಹೊಂಡದ ಮೇಲೆ ಕಾರು ನಿಲ್ಲಿಸಿ ನಾಲ್ಕೂ ಉಂಗುರ ಪೂರ್ತಿ ಸಡಿಲಿಸಿ ಮೆತ್ತಗೆ ಮಾಡಿಸಿದ.

"ಎರಡೂ ಬೇಕು ಅಂದಿದ್ಯಲ್ಲ" ಅಂತ ಜಗದೀಶ ನೆನಪು ಮಾಡಿದ.

"ಒಂದೇ ಸಾಕು ಈಗ."

ಮೆತ್ತಗೆ ಇಟ್ಟ ಮಾತ್ರಕ್ಕೆ ಎಲ್ಲ ಸರಿಯಾಗಲಿಲ್ಲ. ಮೆತ್ತಗಿದ್ದ ಕಾರನ್ನು ಓಡಿಸಿದರೆ ತಿರುವಿನಲ್ಲಿ ಬುಟ್ಟಿ ಜಾರಿ ಬಾಗಿಲಿಗೆ ಬಡಿಯುತ್ತಿತ್ತು. ಹಾಗಾಗಿ ನಿಧಾನ ಹೋಗಬೇಕು, ನಿಧಾನ ಹೋಗಬೇಕಾದರೆ ಬೆಳಗಿನ ತಂಪಿನಲ್ಲಿ ಬೇಗ ಹೊರಡಬೇಕು. ಸೀಟಿನ ಮೇಲೆ ದಪ್ಪಗೆ ಹುಲ್ಲು ಹಾಸಿ, ಅದರ ಮೇಲೆ ಬುಟ್ಟಿ ಕೂರಿಸಿದ. ಸೋಮಿ ಅಂಗಳದಲ್ಲಿ ನಿಂತು ನೋಡಿದಳು, ಕಾರು ಹೋದ ಮೇಲೂ ನಿಂತಿದ್ದಳು. ಬಹಳ ಹೊತ್ತಿನ ಮೇಲೆ ಕಸಬರಿಗೆ ಹಿಡಿದು, ಒಮ್ಮೆ ಗುಡಿಸಿದ್ದ ಅಂಗಳವನ್ನೇ ಮತ್ತೆ ಗುಡಿಸಿದಳು.

ಎರಡು ದಿನದ ಮೇಲೆ ವೈಜಯಂತಿಬಾಯಿ ಹೇಳಿ ಕಳಿಸಿದರು, ಒಂದೆರಡಕ್ಕೆ ಸಣ್ಣ ಕಲೆ ಬಿದ್ದಿದೆ, ನಡೆಯುತ್ತದೆ, ಕಳಿಸು ಅಂತ. ಸೋಮಿ ಹೊತ್ತು ತಂದ ಹಣ್ಣಿನಷ್ಟು ಚೊಕ್ಕ ಅದು ಯಾವತ್ತೂ ಆಗಲಿಲ್ಲ. ನಡೆಯಿತು ಅಷ್ಟೆ.

ಹಣ್ಣು ಇಳಿಸಿ ಬಂದ ಮೇಲೆ ಜನರ ಬಾಡಿಗೆಗೆ ಮತ್ತೆ ಗಟ್ಟಿ ಮಾಡಿದರಾಯಿತು ಅಂತ ಅವನ ಲೆಕ್ಕವಿತ್ತು. ತಿರುಪು ಇರುವುದೇ ಅದಕ್ಕಲ್ಲವೇ. ಸ್ವಲ್ಪ ದಿನ ಹಾಗೆ ಮಾಡಿದ ಕೂಡ. ಜಾಕು ಹಾಕಿ, ಒಂದೊಂದೇ ಗಾಲಿಯ ಕಡೆ ಕೆಳಗೆ ನುಸುಳಿ, ಉಂಗುರ ತಿರುಗಿಸಿ, ಧೂಳು, ಎಣ್ಣೆ ಮೆತ್ತಿಕೊಂಡು ಏಳುವುದು. ಸಂಜೆ ಅದೇ ಕೆಲಸ ತಿರುಗಾಮುರುಗಾ. ಆಮೇಲೆ ಒಂದು ದಿನ ಗಟ್ಟಿ ಮಾಡಲಿಲ್ಲ. ಮಾರನೇ ದಿನವೂ ಮಾಡಲಿಲ್ಲ. ಕಾರಿನ ಅಡಿ ಆ ಎರಡು ಕಾಲು ಕಾಣುವುದು ಕಡಿಮೆಯಾಯಿತು. ಗೋಳಿಮರದ ಕಟ್ಟೆ ಮೇಲೆ ಬೆನ್ನು ಊರಿ ಕೂತಿರುತ್ತಿದ್ದ.

ಮುಂಬಯಿ ಬಸ್ಸು ಹಿಡಿಯುವವರು ಬೇರೆ ಗಾಡಿ ನೋಡಿಕೊಂಡರು. ತಿಮ್ಮುವಿನ ಅಂಬಾಸಡರೇ ಅವನನ್ನು ಹಿಂದೆ ಹಾಕಿ ಹೋದ ದಿನ, ತಿಮ್ಮು ಕಿಟಕಿಯಿಂದ ಕೈ ಹೊರಗೆ ಹಾಕಿ, "ಏನಾ, ಒಳಗೆ ಬಾಣಂತಿ ಇದ್ಳಾ?" ಅಂತ ಕೇಳಿದನಂತೆ.

"ಇದ್ದಳು ಅಂದೆ" ಅಂತ ಮಾಬ್ಲೇಶ್ವರ ನಮಗೆ ಹೇಳಿದ. ನಗಲಿಕ್ಕೆ ನೋಡಿದ, ಅದು ಸರಿಯಾಗಿ ಬರಲಿಲ್ಲ.

ಮಳೆ ಹಿಡಿಯಿತು. ಉಪ್ಪುಗಾಳಿಗೂ ಕೆಸರಿಗೂ ಉಂಗುರಗಳು ಇದ್ದಲ್ಲೇ ತುಕ್ಕು ಹಿಡಿದವು. ಮಳೆ ಕಳೆದ ಮೇಲೆ ಜಗದೀಶ ಸೀಮೆಎಣ್ಣೆ ಹಾಕಿ ಬಡಿದು ನೋಡಿದ, ಒಂದೂ ಅಲ್ಲಾಡಲಿಲ್ಲ. "ಕೊಯ್ದು ತೆಗೀಬೇಕಾ?" ಅಂತ ಕೇಳಿದ್ದಕ್ಕೆ ಮಾಬ್ಲೇಶ್ವರ ಬೇಡ ಅಂದ. ಹಾಗೇ ಇನ್ನೂ ಕೆಲವು ವರ್ಷ ಆ ಕಾರು ಓಡಿತು. ಊರಿನವರು ಮಾಬ್ಲೇಶ್ವರನಿಗೆ ವಯಸ್ಸಾಯಿತು ಅಂದರು. ಅವನಿಗೆ ಆಗ ನಲವತ್ತೂ ಆಗಿರಲಿಲ್ಲ.

ಸೋಮಿಯ ಕೈ ಹೋಗಲಿಲ್ಲ. ಪೂರ್ತಿ ಬರಲೂ ಇಲ್ಲ. ಅಕ್ಕಿಯ ಕಲ್ಲನ್ನು ಅವಳು ಬಲಗೈಯಲ್ಲಿ ಹುಡುಕುವುದು ಕಲಿತಳು. ಹಣ್ಣಿನ ಕಾಲದಲ್ಲಿ ಪ್ರತಿದಿನ ಅವನು ಕಾರು ನಿಲ್ಲಿಸುವುದರೊಳಗೆ ಅಂಗಳಕ್ಕೆ ಬಂದು ಅದೇ ಒಂದು ಮಾತು ಕೇಳುತ್ತಿದ್ದಳು.

"ಹಣ್ಣು ಹೆಂಗೆ ಹೋದ್ವು?"

"ನಿದ್ದೆ ಮಾಡ್ಕಂಡು ಹೋದವು."

"ಚೊಲೋ ಆಯ್ತು" ಅಂದು ಒಳಗೆ ಹೋಗುತ್ತಿದ್ದಳು.

ಅವಳ ಕುತ್ತಿಗೆ ಎಡಕ್ಕೆ ತಿರುಗುತ್ತಿರಲಿಲ್ಲ. ಆ ಕಡೆಯಿಂದ ಯಾರಾದರೂ ಕರೆದರೆ ಇಡೀ ಮೈ ತಿರುಗಿಸಬೇಕು, ತಿರುಗಿಸುವಾಗ ನೋವು ಮುಖದಲ್ಲಿ ಕಾಣುತ್ತಿತ್ತು. ಮಾಬ್ಲೇಶ್ವರ ಅವಳನ್ನು ಎಡಗಡೆಯಿಂದ ಕರೆಯುವುದು ಬಿಟ್ಟ. ಹಿತ್ತಲಿನಲ್ಲಿ ಅವಳು ಕೂತಿದ್ದರೆ, ಎಡಗಡೆಯೇ ಹತ್ತಿರದ ದಾರಿ ಇದ್ದರೂ, ಬಾವಿಕಟ್ಟೆ ಸುತ್ತಿ ಬಲಗಡೆಗೆ ಬಂದು, ಅವಳು ನೋಡುವವರೆಗೆ ನಿಂತು, ಆಮೇಲೆ ಮಾತಾಡುತ್ತಿದ್ದ.